ಹಾರುಗಾಲ ಭರಮನನ್ನು ಕೆತ್ತಿದವನು

ತಿಕೋಟಾದ ದಶರಥ ಎತ್ತಿನ ಬಂಡಿಗಳಿಗೆ ಬಣ್ಣ ಹಚ್ಚುತ್ತಿದ್ದವನು. ಊರಿನ ಬಾವಿಯನ್ನು ಅವನ ಕೇರಿಯವರು ಮುಟ್ಟುವಂತಿರಲಿಲ್ಲ. ಒಂದು ಬೇಸಿಗೆ ಅವನ ಹೆಂಡತಿ ಪರಸವ್ವ, ಯಾರಾದರೂ ನೀರು ಸೇದಿ ಸುರಿದಾರೆಂದು ಬಾವಿಯಿಂದ ದೂರ ನಿಂತೂ ನಿಂತೂ ಕೊನೆಗೆ ಖಾಲಿ ಕೊಡ ಹೊತ್ತು ಮನೆಗೆ ಬಂದಳು. ಅವಳನ್ನು ನಗಿಸಲೆಂದು ದಶರಥ ಒಂದು ಕಥೆ ಕಟ್ಟಿದ. ಹಾರುಗಾಲ ಭರಮ ಎಂಬ ಕರಿಯ, ಕುಳ್ಳ, ಬರಿಗಾಲಿನವನು. ಒಂದೇ ನೆಗೆತಕ್ಕೆ ವಿಜಾಪುರದ ಕೋಟೆಗೋಡೆ ದಾಟುವವನು. ಬಾವಿ ಕಾಯುವವರನ್ನು ಎತ್ತಿ ಬೇವಿನ ಮರದ ತುದಿಗೆ ಕೂಡಿಸುವವನು. ಪರಸವ್ವ ನಕ್ಕಳು.

ಆ ಕಥೆಯನ್ನೇ ಅವನು ಮರದ ಹಲಗೆಗಳ ಮೇಲೆ ಚಿತ್ರಗಳಾಗಿ ಕೆತ್ತಿ, ವಿಜಾಪುರದಲ್ಲಿ ವಾರಪತ್ರಿಕೆ ನಡೆಸುತ್ತಿದ್ದ ಶಿವಯೋಗೆಪ್ಪನಿಗೆ ತೋರಿಸಿದ. ೧೯೪೧ರಲ್ಲಿ ಭರಮ ಅಚ್ಚಾದ. ದಶರಥ ಛಾಪಖಾನೆಯ ಹಿಂದಿನ ಕಟ್ಟೆಯ ಮೇಲೆ ಕೂತು ವಾರವಾರವೂ ಕೆತ್ತುತ್ತಿದ್ದ. ಒಳಗೆ ಬಾ ಎಂದವರಿಲ್ಲ. ಆದರೂ ಬಬಲೇಶ್ವರದ ಸಂತೆಯಲ್ಲಿ ಜನ ಭರಮನ ಬಗ್ಗೆ ಮಾತಾಡುವುದನ್ನು ಕೇಳಿದರೆ ಅವನ ಎದೆ ತುಂಬಿ ಬರುತ್ತಿತ್ತು.

ಯುದ್ಧ ಬಲಿತು ಕಾಗದ ಸಿಗದಂತಾಯಿತು.

"ಕಾಗದ ಬೇಕಂದ್ರ ಸರಕಾರದವರ ಮಾತು ಕೇಳಬೇಕಪಾ," ಎಂದ ಶಿವಯೋಗೆಪ್ಪ. "ಭರಮಗ ಬೂಟು ಹಾಕು, ಕೈಯಾಗ ಬಂದೂಕ ಕೊಡು. ಜಪಾನದವರನ್ನ ಹೊಡೀಲಿ."

"ಬೂಟು ಹಾಕ್ಕೊಂಡು ಹೆಂಗ ಹಾರತಾನ್ರಿ, ಧಣಿ?"

"ಹಾರೋದು ಬ್ಯಾಡ. ನಡೀಲಿ."

ದಶರಥ ಬೂಟು ಕೆತ್ತಿದ. ಯುದ್ಧ ಮುಗಿದ ಮೇಲೆ ಕಳಚಿದರಾಯಿತು ಎಂದುಕೊಂಡ.

ಯುದ್ಧ ಮುಗಿಯಿತು. ಕಥೆ ಬರೆಯಲು ಕಾಖಂಡಕಿಯ ಶಿವಶರಣಪ್ಪ ಮಾಸ್ತರರು ಬಂದರು. ಅವರ ಕೈಯಲ್ಲಿ ಭರಮ ರಾಜಕುಮಾರನಾದ. ಕೂಸಿದ್ದಾಗ ಕಳೆದುಹೋಗಿ ಬಡವರ ಗುಡಿಸಲಲ್ಲಿ ಬೆಳೆದವನಂತೆ.

"ಇಂಥಾ ಶೂರ ನಿಮ್ಮ ಕೇರಿಯೊಳಗ ಹುಟ್ಟ್ಯಾನಂದ್ರ ಓದೋರು ನಂಬಂಗಿಲ್ಲ," ಎಂದರು ಮಾಸ್ತರರು. ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ರಾಜಕುಮಾರನ ಮುಖ ದಶರಥನ ಕೈಗೆ ಒಲಿಯಲಿಲ್ಲ. ಎಷ್ಟು ತಿದ್ದಿದರೂ ಅದು ಕೇರಿಯವನ ಮುಖವೇ ಆಗುತ್ತಿತ್ತು. ಶಿವಯೋಗೆಪ್ಪ ಪುಣೆಯ ಚಿತ್ರಗಾರನೊಬ್ಬನಿಂದ ಚಿತ್ರ ತರಿಸತೊಡಗಿದ: ಬಿಳಿ ಮೈ, ಹುರಿ ಮೀಸೆ, ರೇಷ್ಮೆ ಶಲ್ಯ. ಆ ಭರಮ ಬಾವಿಯ ಕಟ್ಟೆ ಹತ್ತಿ ನಿಂತು, ದೂರದಲ್ಲಿ ಸಾಲಾಗಿ ಕೂತ ಬಡವರಿಗೆ ತಾಳ್ಮೆಯ ಮಾತು ಹೇಳುತ್ತಿದ್ದ.

"ಭರಮ ನನ್ನಾಂವ್ರಿ, ಧಣಿ," ಎಂದ ದಶರಥ.

"ಪೇಪರಿನಾಂವ," ಎಂದ ಶಿವಯೋಗೆಪ್ಪ. "ನೀ ಮನಸ್ಸಿಗಿ ಹಚ್ಕೋಬ್ಯಾಡ. ಗ್ವಾಡಿ ಮ್ಯಾಲ ಬಣ್ಣದ ಕೆಲಸ ಐತಿ, ಮಾಡ್ತೀಯೇನು?"

ಬೇರೆ ಕೆಲಸವಿರಲಿಲ್ಲ. ೧೯೪೮ರ ಸುಗ್ಗಿಯ ಹೊತ್ತಿಗೆ ಅಥಣಿ ರಸ್ತೆಯ ಗೋಡೆಯೊಂದರ ಮೇಲೆ, ಪತ್ರಿಕೆಯ ಜಾಹೀರಾತಿಗೆಂದು, ದಶರಥ ಹೊಸ ಭರಮನನ್ನು ಎರಡಾಳೆತ್ತರಕ್ಕೆ ಬರೆಯುತ್ತಿದ್ದ. ಹಾದು ಹೋಗುವವರು ನಿಂತು, ಚೊಲೋ ಬಂದೈತಿ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಪರಸವ್ವ ರೊಟ್ಟಿ ಕಟ್ಟಿಕೊಂಡು ತಿಕೋಟಾದಿಂದ ಬಂದಳು.

"ಯಾರ ಇಂವ?"

"ಭರಮ."

ಅವಳು ಬಹಳ ಹೊತ್ತು ನೋಡಿದಳು. "ಯಾವ ಭರಮ?"

ದಶರಥ ಏಣಿಯಿಂದ ಇಳಿಯಲಿಲ್ಲ. ಮೂಗು ಇನ್ನಷ್ಟು ನೆಟ್ಟಗಾಗಬೇಕೆಂದು ಶಿವಯೋಗೆಪ್ಪ ಹೇಳಿ ಕಳಿಸಿದ್ದ; ಬಣ್ಣ ಒಣಗುವ ಮುಂಚೆ ಅದನ್ನು ತಿದ್ದಬೇಕಿತ್ತು.