ಅತಿಯಾಗಿ ನುಣುಪಾದ ರೈಫಲ್

ಕೈಯಿಂದಲೇ ಬಂದೂಕು ನಕಲು ಮಾಡುವ ಪಠಾಣರ ಊರು ದರ್ರಾ. ಅಲ್ಲಿನ ಬಂದೂಕಿನ ಬಜಾರಿನಲ್ಲಿ ಸೈದಗುಲ್‌ನನ್ನು ಎಲ್ಲರೂ ಉಸ್ತಾದರ ಅಳಿಯ ಎಂದೇ ಕರೆಯುತ್ತಿದ್ದರು. ಗಡ್ಡದಲ್ಲಿ ನರೆ ಇಣುಕಿದ ಮೇಲೂ ಆ ಹೆಸರು ಅವನನ್ನು ಬಿಡಲಿಲ್ಲ. ಅವನಿಗೆ ಬೇಕಿದ್ದದ್ದು ಸ್ವಂತದ ಒಂದು ಅಂಗಡಿ. ಅದಕ್ಕೆ ಮಾವ ಖಿಯಾಲ್ ಮೀರ್ ಉಸ್ತಾದರ ಅಪ್ಪಣೆಯಾಗಬೇಕು. ಅವರ ಷರತ್ತೋ, ಸುಲಭದ್ದಲ್ಲ. ತಮ್ಮ ಬಳಿಯಿದ್ದ ಹೊರದೇಶದ ಅರೆಸ್ವಯಂಚಾಲಿತ ರೈಫಲ್ಲಿನಂಥದ್ದೇ ಇನ್ನೊಂದನ್ನು ಅವನು ಮಾಡಬೇಕು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಬಂದೂಕು ಬಲ್ಲವರೂ ತಬ್ಬಿಬ್ಬಾಗಬೇಕು.

ಸೈದಗುಲ್ ಚಳಿಗಾಲವಿಡೀ ಮಾವನ ಅಂಗಡಿಯಲ್ಲೇ ಅರ ಹಿಡಿದು ಕೂತ. ರೊಟ್ಟಿಯನ್ನೂ ಅಂಚು ನೋಡಿ ಮುರಿಯುವ ಗಂಡ ಎಂದು ಹೆಂಡತಿ ಪಲ್ವಶಾ ನಗುತ್ತಿದ್ದಳು. ಅಂಥವನ ಕೈಕೆಲಸ ಹೇಗಿದ್ದೀತು! ಹೊರಗಿನ ಕಪ್ಪು ಹೊಳಪು, ಮರದ ಹಿಡಿ, ಮೊಳೆಗಳ ಸಾಲು ಎಲ್ಲವೂ ಮೂಲದ ಪಡಿಯಚ್ಚು.

ಪರೀಕ್ಷೆಗೆ ಕರೆಸಿದ್ದು ಬೇಟೆಯ ಹುಚ್ಚಿನ ಊರ ಮುಖಂಡ ಮಲಿಕ್ ತೋರಾಬ್ ಖಾನರನ್ನು. ಅವರು ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿದರು, ಮೇಲಿನ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿದರು, ಮೀಸೆಯಲ್ಲೇ ನಕ್ಕರು.

"ಇದು ನಮ್ಮೂರಿಂದು. ಪರದೇಶದವ್ರು ಕಾಣದ ಕಡೆ ಯಾಕೆ ಬೆವರು ಸುರಿಸ್ತಾರೆ? ಅವರದ್ರಲ್ಲಿ ಯಂತ್ರದ ಗೀರು ಹಾಗ್ಹಾಗೇ ಇದೆ. ಇದು ನೋಡಿದ್ರೆ ಮದುಮಗನ ಕೆನ್ನೆ."

ಅಂಗಡಿಯವರೆಲ್ಲ ಗೊಳ್ಳೆಂದರು. ಸೈದಗುಲ್ ತಲೆ ತಗ್ಗಿಸಿದ.

ಸಂಜೆ ಉಸ್ತಾದರು ಉಪಾಯ ಹೇಳಿಕೊಟ್ಟರು. ಒಳಗೆ ನಾಲ್ಕು ಗೀರು ಎಳೆದುಬಿಡು, ಬೇರೆಯವರನ್ನು ಕರೆಸಿ ತೋರಿಸೋಣ ಎಂದರು. ಅವನು ಅರವನ್ನು ರೈಫಲ್ಲಿನ ಒಳಗಿಟ್ಟ. ಕೈ ಮುಂದಕ್ಕೆ ಹೋಗಲೇ ಇಲ್ಲ.

"ಮಾವ, ಕೆಡಿಸೋಕೆ ನನಗೆ ಬರಲ್ಲ."

"ಹಾಗಾದ್ರೆ ನಕಲು ಮಾಡೋಕೂ ಬರಲ್ಲ. ಅಳಿಯನಾಗೇ ಇರು."

ಕೆಲವು ದಿನ ಕಳೆದು ಮಲಿಕರು ತಮ್ಮದೇ ವಿದೇಶಿ ರೈಫಲ್ಲನ್ನು ಹೆಗಲಿಗೇರಿಸಿಕೊಂಡು ಬಂದರು.

"ನಳಿಗೆ ಮುಟ್ಟಬೇಡ ಕಣೋ. ಅವರ ಉಕ್ಕು ಉಕ್ಕೇ, ನಮ್ಮದು ಬೇಗ ಕಾಯುತ್ತೆ. ಆದ್ರೆ ಇದರ ಗುಂಡು ತಳ್ಳೋ ಬೋಲ್ಟ್ ಚಳೀಲಿ ಕತ್ತೆ ಥರ ಹಠ ಹಿಡಿಯುತ್ತೆ. ಒಳಗೆಲ್ಲ ನಿನ್ನದರ ಹಾಗೆ ಮಾಡ್ಕೊಡು."

ಸೈದಗುಲ್ ಮಾಡಿಕೊಟ್ಟ. ಬೋಲ್ಟು ಬೆಣ್ಣೆಯಲ್ಲಿ ಜಾರಿದಂತೆ ಜಾರಿತು. ಮಲಿಕರು ಸುಮ್ಮನಿರುವ ಪೈಕಿ ಅಲ್ಲ. ಹೋದಲ್ಲೆಲ್ಲ ಹೇಳಿದರು. ವಿದೇಶಿ ರೈಫಲ್ ಇದ್ದವರೆಲ್ಲ ಬರತೊಡಗಿದರು. ಉಸ್ತಾದರ ಜಗಲಿ ತುಂಬಿತು, ಅವರ ಹಸಿರು ಚಹಾ ಬರಿದಾಯಿತು. ಅವರು ಮಧ್ಯಾಹ್ನ ಒರಗುತ್ತಿದ್ದ ಹಗ್ಗದ ಮಂಚದ ಮೇಲೆ ಗಿರಾಕಿಗಳು ಸಾಲಾಗಿ ಕೂತು ತಂತಮ್ಮ ಬೇಟೆಯ ಸುಳ್ಳುಗಳನ್ನು ಹೇಳಿಕೊಳ್ಳತೊಡಗಿದರು.

ಒಂದು ಮಧ್ಯಾಹ್ನ ಉಸ್ತಾದರು ಎದ್ದವರೇ ಅಳಿಯನ ಸಲಕರಣೆಗಳ ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡು ಬೀದಿ ದಾಟಿದರು. ಎದುರಿಗೆ ಖಾಲಿ ಬಿದ್ದಿದ್ದ ತಮ್ಮದೇ ಮಳಿಗೆಯ ಬಾಗಿಲನ್ನು ಕಾಲಿನಿಂದ ನೂಕಿ ಒಳಗಿಟ್ಟರು.

"ಷರತ್ತು ಗೆದ್ದೆ ಅಂದ್ಕೋಬೇಡ," ಎಂದರು, ಏದುಸಿರು ಬಿಡುತ್ತ. "ನನಗೆ ಮಲಗೋಕೆ ಜಾಗ ಬೇಕು."

ಗಿರಾಕಿಗಳು ರೈಫಲ್ಲುಗಳನ್ನು ಹೊತ್ತು ಸೈದಗುಲ್‌ನ ಹಿಂದೆಯೇ ಬೀದಿ ದಾಟಿದರು. ಉಸ್ತಾದರು ಮರಳಿ ಬಂದು ಮಂಚದ ಮೇಲೆ ಉದ್ದಕ್ಕೆ ಕಾಲು ಚಾಚಿದರು.