ಕೆಂಪು ಸುತ್ತಿನ ಸನೋಬರ್

ಸನೋಬರಳ ಬಲಗೈ ನಡುಗತೊಡಗಿದ ಸುದ್ದಿ ಮೊದಲು ಗೊತ್ತಾದದ್ದು ಅವಳ ಚಹಾದ ಬಟ್ಟಲಿಗೆ. ನಮ್ಮ ತಾಷ್ಕೆಂಟಿನಲ್ಲಿ ಮರ್ಯಾದಸ್ಥರು ಯಾರೂ ಬಟ್ಟಲು ತುಂಬಿಸಿ ಚಹಾ ಕೊಡುವುದಿಲ್ಲ. ತಳ ಮುಚ್ಚುವಷ್ಟು ಹೊಯ್ಯಬೇಕು, ಕುಡಿದವರು ಮತ್ತೆ ಕೈಚಾಚಬೇಕು, ಮತ್ತೆ ಹೊಯ್ಯಬೇಕು, ಮಾತು ಹಾಗೆ ಬೆಳೆಯಬೇಕು. ಕಂಠಮಟ್ಟ ತುಂಬಿಸಿ ಕೊಟ್ಟರೆ ‘ಕುಡಿದು ಎದ್ದು ಹೋಗಿ’ ಎಂದಂತೆ. ಈ ಪದ್ಧತಿಯೇ ಅವಳ ಮಾನ ಕಾಪಾಡಿತು. ತಳದಲ್ಲಿ ಗುಟುಕು ಚಹಾ ಇರುವ ಬಟ್ಟಲು ಎಷ್ಟು ಅಲುಗಿದರೂ ತುಳುಕುವುದಿಲ್ಲವಲ್ಲ!

ಆದರೆ ಕಾಗದ ಬಟ್ಟಲಿನಷ್ಟು ಒಳ್ಳೆಯದಲ್ಲ, ಎಲ್ಲವನ್ನೂ ಹೇಳಿಬಿಡುತ್ತದೆ. ಗಣಿತ ಸಂಸ್ಥೆಯಲ್ಲಿ ಸನೋಬರಳದು ಸೂತ್ರ ತುಂಬುವ ಕೆಲಸ. ಬೆರಳಚ್ಚು ಯಂತ್ರಕ್ಕೆ ಮಾತು ಬರುತ್ತದೆ, ಗಣಿತ ಬರುವುದಿಲ್ಲ. ಲೇಖನ ಟೈಪಾಗುವಾಗ ಸೂತ್ರದ ಜಾಗವೆಲ್ಲ ಖಾಲಿ ಬಿಟ್ಟಿರುತ್ತಾರೆ. ಆ ಖಾಲಿ ಜಾಗಗಳಲ್ಲಿ ಕಪ್ಪು ಶಾಯಿಯಿಂದ ಒಂದೊಂದೇ ಚಿಹ್ನೆ ಬರೆಯುವವಳು ಇವಳು. ಬರೆದ ಮೇಲೆ ಅಚ್ಚಿನ ಮನೆಯವರಿಗೆ ಗೊತ್ತಾಗಲೆಂದು ಬಣ್ಣದ ಪೆನ್ಸಿಲಿನ ಗುರುತು: ಗ್ರೀಕ್ ಅಕ್ಷರಕ್ಕೆ ಕೆಂಪು ಸುತ್ತು, ದೊಡ್ಡಕ್ಷರವಾದರೆ ಕೆಳಗೆ ಜೋಡಿ ಗೆರೆ, ಚಿಕ್ಕದಾದರೆ ಮೇಲೆ ಜೋಡಿ ಗೆರೆ, ಕೆಳಗಿಳಿದು ಕೂರುವ ಅಂಕಿಗೆ ಪುಟ್ಟ ಕಮಾನು. ಹುಡುಗಿಯಾಗಿ ಆ ಮೇಜಿಗೆ ಬಂದವಳು ಅಲ್ಲೇ ಮದುವೆಯಾದಳು, ಅಲ್ಲೇ ಅಜ್ಜಿಯೂ ಆದಳು. ಗಣಿತ ಅವಳಿಗೆ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ, ಅದರ ಚೆಲುವು ಮಾತ್ರ ಪೂರ್ತಿ ಅರ್ಥವಾಗುತ್ತಿತ್ತು. ಅದರಲ್ಲೂ ಇಂಟಿಗ್ರಲ್ ಚಿಹ್ನೆ! ಮೇಲೆ ಬಾಗಿ, ಮೈ ನೀಳ ಮಾಡಿ, ಕೆಳಗೆ ಸಣ್ಣಗೆ ಕೊಂಕುವ ಆ ಒಂದು ಎಳೆಯನ್ನು ಅವಳು ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಎಳೆಯುತ್ತಿದ್ದಳು. ಆ ಎಳೆ ಈಗ ನಡುವಿನಲ್ಲಿ ಅಲುಗತೊಡಗಿತ್ತು.

ಕೈ ಹೋದರೆ ಮೇಜು ಹೋಯಿತು. ಮೇಜು ಹೋದರೆ ಸೂತ್ರಗಳು ಹೋದವು. ಮನೆಯಲ್ಲಿ ಕೂತು ಏನು ಮಾಡಲಿ, ದ್ರಾಕ್ಷಿ ಚಪ್ಪರದ ಎಲೆ ಎಣಿಸಲೇ ಎಂದುಕೊಳ್ಳುತ್ತಿದ್ದಳು. ಗಂಡ ಎರ್ಗಾಶ್ ಟ್ರಾಲಿಬಸ್ಸಿನ ಚಾಲಕ, ಅವನೊಬ್ಬನಿಗೆ ಮಾತ್ರ ಹೇಳಿದ್ದಳು.

ಇಂಥ ಹೊತ್ತಿನಲ್ಲಿ ನೊವೊಸಿಬಿರ್ಸ್ಕಿನಲ್ಲಿ ಓದು ಮುಗಿಸಿದ ನಫೋಸತ್ ಎಂಬ ಹುಡುಗಿ ಕೆಲವು ಡಿಸ್ಕುಗಳನ್ನು ಉಣ್ಣೆಯ ಶಾಲಿನಲ್ಲಿ ಸುತ್ತಿಕೊಂಡು ಸಂಸ್ಥೆಗೆ ಬಂದಳು. ಸೋವಿಯತ್ ಒಕ್ಕೂಟ ಮುರಿದು ಎರಡು ವರ್ಷವಾಗಿತ್ತು. ಅಚ್ಚಿನ ಮನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಸಂಸ್ಥೆಯಲ್ಲಿ ಇದ್ದ ಒಂದೇ ಕಂಪ್ಯೂಟರಿಗೆ ಅವಳು ಡಿಸ್ಕು ತುರುಕಿ, ಟೆಕ್ ಅನ್ನುವ ಹೊಸ ವಿದ್ಯೆ ಇದರಲ್ಲಿದೆ, ಇನ್ನು ಗಣಿತವೂ ಇಲ್ಲೇ ಅಚ್ಚಾಗುತ್ತದೆ ಎಂದಳು. ಸನೋಬರ್ ಚಹಾ ಕೊಡುವ ನೆಪದಲ್ಲಿ ಹಿಂದೆ ಬಂದು ನಿಂತಳು.

“ಇದೇನೇ ಮಗಳೇ, ಅಕ್ಷರದ ಮುಂದೆಲ್ಲ ಓರೆಗೆರೆ ಹಾಕ್ತಿದೀಯ?”

“ಆಲ್ಫಾ ಬೇಕು ಅಂತ ಅದಕ್ಕೆ ಹೇಳ್ಬೇಕಲ್ಲ ಓಪಾ,” ಎಂದಳು ನಫೋಸತ್. ಓಪಾ ಎಂದರೆ ನಮ್ಮಲ್ಲಿ ಅಕ್ಕ. “ಸುಮ್ನೆ ಆಲ್ಫಾ ಅಂತ ಬರೆದ್ರೆ ಅದನ್ನ ಮಾತು ಅನ್ಕೊಳುತ್ತೆ. ಓರೆಗೆರೆ ಹಾಕಿ ಬರೆದ್ರೆ ಚಿಹ್ನೆ ಮಾಡುತ್ತೆ.”

“ಈ ಅಡಿಗೆರೆ?”

“ಮುಂದಿನ ಅಂಕಿ ಕೆಳಗಿಳೀಲಿ ಅಂತ. ಈ ಟೋಪಿ ಗುರುತು ಹಾಕಿದ್ರೆ ಮೇಲೇರುತ್ತೆ.”

ಸನೋಬರ್ ಪರದೆಯ ಹತ್ತಿರಕ್ಕೆ ಬಾಗಿದಳು. “ಅಯ್ಯೋ, ಇದು ನನ್ನ ಕೆಂಪು ಸುತ್ತು ಕಣೇ! ಇದು ನನ್ನ ಕಮಾನು! ಇಷ್ಟು ವರ್ಷ ನಾನು ಅಚ್ಚಿನ ಮನೆಯವರಿಗೆ ಹೇಳ್ತಿದ್ದಿದ್ದನ್ನ ನೀನು ಈ ಪೆಟ್ಟಿಗೆಗೆ ಹೇಳ್ತಿದೀಯ, ಅಷ್ಟೆ ತಾನೆ?”

ನಫೋಸತ್ ತಿರುಗಿ ಅವಳ ಮುಖ ನೋಡಿದಳು. “ಹೂಂ, ಅಷ್ಟೇ. ಕೂತ್ಕೊಳಿ, ಒಂದು ಇಂಟಿಗ್ರಲ್ ಮಾಡಿ. ಮುಟ್ಟಿದ್ರೆ ಕಚ್ಚಲ್ಲ ಅದು.”

ಸನೋಬರ್ ಒಂದೊಂದೇ ಬೆರಳಿನಿಂದ ಕುಟ್ಟಿದಳು. ಕೈ ನಡುಗಿತು, ನಿಜ. ಆದರೆ ನಡುಗುವ ಬೆರಳು ಒತ್ತಿದರೂ ಅಕ್ಷರ ಅದೇ ಅಕ್ಷರ. ಪರದೆಯ ಮೇಲೆ ಇಂಟಿಗ್ರಲ್ ಎದ್ದು ನಿಂತಿತು, ಅವಳು ಪ್ರಾಯದಲ್ಲಿ ಬರೆದದ್ದಕ್ಕಿಂತ ನೆಟ್ಟಗೆ. ಖುಷಿಗೆ ಅವಳು ಚಹಾದ ತಟ್ಟೆಯನ್ನು ಕೀಲಿಮಣೆಯ ಮೇಲೇ ಇಟ್ಟುಬಿಡುತ್ತಿದ್ದಳು, ಪುಣ್ಯಕ್ಕೆ ನಫೋಸತ್ ಹಿಡಿದುಕೊಂಡಳು.

ಅಂದಿನಿಂದ ಎಲ್ಲರೂ ಊಟಕ್ಕೆ ಇಳಿದರೆ ಇವಳು ಕಂಪ್ಯೂಟರಿನ ಕೋಣೆಗೆ ಹತ್ತುವಳು. ಕೈಯ ವಿಷಯ ನಫೋಸತಳಿಗೂ ಹೇಳಲಿಲ್ಲ. ಹುಚ್ಚು ಹಿಡಿದವರ ಹಾಗೆ ಕ್ಯಾರೆಟ್ ಹೆಚ್ಚುತ್ತ ಬಾಯಲ್ಲಿ ಓರೆಗೆರೆ, ರೊಟ್ಟಿ ಮುರಿಯುತ್ತ ಅಡಿಗೆರೆ. ರಾತ್ರಿಯೂಟಕ್ಕೆ ಕೂತ ಗಂಡನಿಗೂ ಪಾಠ ತಪ್ಪಲಿಲ್ಲ.

“ಬಳ್ಳಿ ಹಾಗೆ ಬಳುಕೋ ಆವರಣ ಚಿಹ್ನೆ ಒಂದ್ಸಲ ತೆರೆದ್ರೆ ಮುಚ್ಚಲೇಬೇಕು ಗೊತ್ತಾ? ಮುಚ್ಚಲಿಲ್ಲ ಅಂದ್ರೆ ಅದು ಮುಂದಕ್ಕೆ ಹೋಗೋದೇ ಇಲ್ಲ.”

“ಅದಕ್ಕೇನು ದೊಡ್ಡ ವಿದ್ಯೆ?” ಎಂದ ಎರ್ಗಾಶ್. “ಬಾಗಿಲು ಮುಚ್ಚದೆ ನನ್ನ ಬಸ್ಸೂ ಹೊರಡಲ್ಲ.”

ಬೇಸಿಗೆ ಕಳೆಯಿತು. ಕಲ್ಲಂಗಡಿಯ ರಾಶಿ ಬೀದಿಗೆ ಬರುವ ಕಾಲಕ್ಕೆ ಪಕ್ಕದ ಮನೆಯ ಖುರ್ಸನೋಯ್ ಒಂದು ತಟ್ಟೆ ಹಲ್ವಾ ಹಿಡಿದು ಬಂದಳು. ಅವಳ ಮಗ ಬೋತಿರನ ಮದುವೆ, ಗಂಡಸರಿಗೆ ಬೆಳಗಿನ ಜಾವದ ಪಲಾವಿನ ಊಟ.

“ಕರೆಯೋಲೆ ನೀನೇ ಬರೀಬೇಕು,” ಎಂದಳು. “ನಿನ್ನ ಅಕ್ಷರ ಇಲ್ದೆ ಈ ಬೀದೀಲಿ ಯಾರ ಮದುವೆ ಆಗಿದೆ ಹೇಳೇ?”

ಸನೋಬರ್ ಹಲ್ವಾದ ತಟ್ಟೆ ತೆಗೆದುಕೊಂಡಳು. ಇಲ್ಲ ಎಂದರೆ ಯಾಕೆ ಎನ್ನುತ್ತಾಳೆ. ಖುರ್ಸನೋಯ್‌ಗೆ ಹೇಳುವುದೂ ಒಂದೇ, ಮಸೀದಿಯ ಧ್ವನಿವರ್ಧಕಕ್ಕೆ ಹೇಳುವುದೂ ಒಂದೇ. “ಬರೀದೆ ಇರ್ತೀನಾ? ಈ ಸಲ ನೋಡ್ತಿರು, ಯಾರೂ ಕಂಡಿರಬಾರದು, ಅಂಥದ್ದು ಮಾಡಿಕೊಡ್ತೀನಿ,” ಎಂದುಬಿಟ್ಟಳು.

ಮಾತು ಕೊಟ್ಟ ಮೇಲೆ ಯೋಚನೆ. ಕರೆಯೋಲೆ ಎಂದರೆ ಓರೆಯಾದ ಬಳುಕುವ ಅಕ್ಷರ ಬೇಕು. ನಫೋಸತ್ ಊರಲ್ಲಿರಲಿಲ್ಲ. ಹುಡುಕಿ ಹುಡುಕಿ, ಅಭ್ಯಾಸಕ್ಕೆಂದು ಕೊಟ್ಟಿದ್ದ ಒಂದು ಲೇಖನದಲ್ಲಿ ಅಂಥ ಅಕ್ಷರ ಸಿಕ್ಕಿತು. ಲೇಖನದ ಒಂದು ಭಾಗವಷ್ಟೇ ಹಾಗೆ ಓರೆಯಾಗಿ, ಸೊಗಸಾಗಿ ಬರುತ್ತಿತ್ತು. ಆ ಭಾಗದ ಗಣಿತವನ್ನೆಲ್ಲ ಅಳಿಸಿ, ಶುರುವಿನಲ್ಲೂ ಕೊನೆಯಲ್ಲೂ ಯಂತ್ರಕ್ಕೆ ಕೊಟ್ಟಿದ್ದ ಅಪ್ಪಣೆಗಳನ್ನು ಹಾಗೇ ಇಟ್ಟುಕೊಂಡು, ನಡುವೆ ಮದುವೆಯ ಮಾತು ತುಂಬಿದಳು. ಅಚ್ಚಾಗಿ ಬಂದದ್ದನ್ನು ಮೂರು ಸಲ ಓದಿದಳು. ಬೋತಿರನ ಹೆಸರು ಸರಿ, ದಿನ ಸರಿ, ಬೀದಿ ಸರಿ. ಹಿಗ್ಗಿ ಹೀರೇಕಾಯಿಯಾಗಿ ಪ್ರತಿಗಳನ್ನು ತೆಗೆಸಿ ಖುರ್ಸನೋಯ್‌ಗೆ ಕೊಟ್ಟಳು. ಅವಳೋ, ಓದುವುದಿರಲಿ, ಅಕ್ಷರದ ಬಳುಕು ನೋಡಿಯೇ ಮರುಳಾಗಿ ಸಂಜೆಯೊಳಗೆ ಹಂಚಿಬಿಟ್ಟಳು. ಮದುವೆಗೊಬ್ಬ ದೊಡ್ಡ ವಿದ್ವಾಂಸ ಬಂದರೆ ಬೀದಿಗೇ ಮರ್ಯಾದೆ ಎಂದು ಸಂಸ್ಥೆಯ ಮುಖ್ಯಸ್ಥ ಮಿರ್ಸೋಲಿಹ್ ದೊಮ್ಲಾ ಅವರಿಗೂ ಒಂದು ಕಳಿಸಿದಳು. ಓದಿಸುವ ಗುರುವನ್ನು ನಾವು ದೊಮ್ಲಾ ಎನ್ನುತ್ತೇವೆ.

ಮದುವೆಯ ಬೆಳಗು. ಹೊರಗಿನ ಅಂಗಳದಲ್ಲಿ ಗಂಡಸರ ಸಾಲು, ಒಳಗೆ ಹೆಂಗಸರು. ಇದ್ದಕ್ಕಿದ್ದಂತೆ ಹೊರಗೆ ಭಾರೀ ನಗು ಎದ್ದಿತು. ಸನೋಬರ್ ಬಾಗಿಲ ಸಂದಿಯಿಂದ ಇಣುಕಿದಳು. ದೊಮ್ಲಾ ಎದ್ದು ನಿಂತು ಕರೆಯೋಲೆಯನ್ನು ಓದುತ್ತಿದ್ದರು.

“ಪ್ರಮೇಯ ಒಂದು. ನಮ್ಮ ಮಗ ಬೋತಿರನ ಮದುವೆ ಇದೇ ಭಾನುವಾರ ನಡೆಯುತ್ತದೆ.” ಅವರು ಕನ್ನಡಕ ತೆಗೆದರು. “ಹೇಳಿಕೆ ಸ್ಪಷ್ಟವಾಗಿದೆ. ಆದ್ರೆ ಸಾಧನೆ ಎಲ್ಲಪ್ಪಾ?”

“ಸಾಧನೆ ಕಡಾಯಿಯಲ್ಲಿದೆ ದೊಮ್ಲಾ,” ಎಂದು ಅಡುಗೆಯವನು ಸೌಟು ಎತ್ತಿ ಕೂಗಿದ. “ತಟ್ಟೆ ಹಿಡೀರಿ, ಈಗಲೇ ಸಾಬೀತು ಮಾಡ್ತೀನಿ!”

ಸನೋಬರಳಿಗೆ ಆಗ ಹೊಳೆಯಿತು. ಓರೆಯಕ್ಷರ ಬರುತ್ತಿದ್ದದ್ದು ಪ್ರಮೇಯದ ಭಾಗಕ್ಕೆ. ಅದರ ಅಪ್ಪಣೆಯನ್ನು ಇಟ್ಟುಕೊಂಡರೆ ತಲೆಯ ಮೇಲೆ ‘ಪ್ರಮೇಯ ೧’ ಎಂದು ಅದಾಗಿಯೇ ಬಂದು ಕೂರುತ್ತದೆ. ಕಾಗದದ ನೆತ್ತಿಯಲ್ಲಿ ದಪ್ಪಕ್ಷರದಲ್ಲಿದ್ದದ್ದು ಅವಳ ಕಣ್ಣಿಗೇಕೆ ಬೀಳಲಿಲ್ಲ? ಬಿದ್ದಿತ್ತು. ಪ್ರಾಯವಿಡೀ ಅವಳ ಕೈದಾಟಿದ ಪುಟಗಳ ಮೇಲೆಲ್ಲ ಆ ಪದ ಇತ್ತು. ಅದಿಲ್ಲದಿದ್ದರೇ ಅವಳಿಗೆ ಪುಟ ಬೋಳು ಅನ್ನಿಸುತ್ತಿತ್ತು. ನಾವು ನಮ್ಮ ಮನೆಯ ಹೊಸ್ತಿಲನ್ನು ನೋಡಿ ದಾಟುತ್ತೇವೆಯೇ?

ಖುರ್ಸನೋಯ್ ಬಿರುಗಾಳಿಯಂತೆ ಒಳಗೆ ನುಗ್ಗಿದಳು. “ನನ್ನ ಮಗನ ಮದುವೇನ ಪರೀಕ್ಷೆ ಪ್ರಶ್ನೆ ಮಾಡಿಬಿಟ್ಯಲ್ಲೇ! ಬೀಗರು ಏನಂದ್ಕೊಂಡಾರು?”

“ಏನಂದ್ರು?” ಎಂದಳು ಸನೋಬರ್.

“ಏನಂತಾರೆ, ಇದು ಈಗಿನ ಹೊಸ ಪದ್ಧತಿನಾ, ನಮ್ಮ ಇನ್ನೊಬ್ಬಳು ಮಗಳ ಮದುವೆಗೂ ಪ್ರಮೇಯ ಹಾಕಿಸಿಕೊಡಿ ಅಂತ ಕೇಳ್ತಿದಾರೆ.” ಖುರ್ಸನೋಯ್ ಕೋಪ ಹಿಡಿದಿಟ್ಟುಕೊಳ್ಳಲು ನೋಡಿದಳು, ಆಗಲಿಲ್ಲ, ಅವಳಿಗೂ ನಗು ಬಂತು.

ಸನೋಬರ್ ಮಾತ್ರ ನಗಲಿಲ್ಲ. ಕರೆಯೋಲೆ ಯಾವ ಯಂತ್ರದಿಂದ ಬಂತೆಂದು ದೊಮ್ಲಾ ಅವರಿಗೆ ತಿಳಿಯದೆ ಇರುತ್ತದೆಯೇ? ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದಂತಾಗಿತ್ತು ಅವಳ ಗುಟ್ಟಿನ ಕಲಿಕೆ. ಯಾಕೆ ಕಲಿತೆ ಎಂದರೆ ಕೈ ತೋರಿಸಬೇಕು.

ಸೋಮವಾರ ಕರೆ ಬಂದೇ ಬಂತು. ದೊಮ್ಲಾ ಅವರ ಕೋಣೆಯಲ್ಲಿ ನಫೋಸತಳೂ ಇದ್ದಳು. ಸನೋಬರ್ ಎರಡೂ ಕೈಗಳನ್ನು ಶಾಲಿನೊಳಗೆ ಹುದುಗಿಸಿ ನಿಂತಳು.

“ಪ್ರಮೇಯ ನೀವೇ ಅಚ್ಚು ಮಾಡಿದ್ದಾ ಸನೋಬರ್‌ಖೋನ್?” ಎಂದರು ದೊಮ್ಲಾ. ಹೆಣ್ಣಿನ ಹೆಸರಿಗೆ ಖೋನ್ ಸೇರಿಸುವುದು ನಮ್ಮಲ್ಲಿ ಗೌರವ.

“ನಾನೇ ದೊಮ್ಲಾ. ತಪ್ಪಾಯ್ತು.”

“ತಪ್ಪು ಆಮೇಲೆ. ಯಾಕೆ ಕಲಿತ್ರಿ?”

ಅವಳು ಶಾಲನ್ನು ಕೈಗಳ ಮೇಲೆ ಇನ್ನಷ್ಟು ಎಳೆದುಕೊಂಡಳು. ದೊಮ್ಲಾ ಕಿಟಕಿಯ ಕಟ್ಟೆಯ ಮೇಲಿಂದ ಧೂಳು ಹಿಡಿದ ಹಾಳೆಗಳ ಕಟ್ಟೊಂದನ್ನು ತಂದು ಮೇಜಿನ ಮೇಲಿಟ್ಟರು. “ಇದು ನನ್ನ ಲೇಖನ. ಹೋದ ಚಳಿಗಾಲದಿಂದ ಇಲ್ಲೇ ಬಿದ್ದಿದೆ. ಪುಟದ ತುಂಬ ಇಂಟಿಗ್ರಲ್. ಆವಾಗಲೇ ನೋಡಿದೆ ನಾನು, ನಿಮ್ಮ ಇಂಟಿಗ್ರಲ್ ಸ್ವಲ್ಪ ಹೆದರಿದ ಹಾಗಿತ್ತು. ನಿಮಗೆ ಕೊಟ್ರೆ ನಿಮ್ಮ ಕೈ ಎಲ್ರಿಗೂ ಗೊತ್ತಾಗುತ್ತೆ. ಬೇರೆಯವರಿಗೆ ಕೊಟ್ರೆ ನಾನು ನಿಮ್ಮ ಮುಖ ಹೇಗೆ ನೋಡ್ಲಿ? ಅದಕ್ಕೆ ಬರೀ ಸಿಗ್ಮಾ ಇರೋದನ್ನೇ ಕೊಡ್ತಾ ಬಂದೆ. ಅದಾದ್ರೆ ಗೀಟು ಗೀಟು, ಅಡಿಪಟ್ಟಿ ಇಟ್ಟು ಎಳೀಬಹುದು.”

ಸನೋಬರಳ ಕಣ್ಣು ತುಂಬಿತು. ಇಷ್ಟು ದಿನ ತಾನು ಬಚ್ಚಿಟ್ಟೆ ಎಂದುಕೊಂಡದ್ದನ್ನು ಇನ್ನೊಬ್ಬರು ತನಗಾಗಿ ಬಚ್ಚಿಟ್ಟಿದ್ದರು. ಮೆಲ್ಲಗೆ ಕೈಯನ್ನು ಶಾಲಿನಿಂದ ಹೊರಗೆ ತೆಗೆದಳು. ನಫೋಸತ್ ನೋಡಿ ತುಟಿ ಕಚ್ಚಿಕೊಂಡಳು.

“ಇದನ್ನ ಯಂತ್ರದಲ್ಲಿ ಮಾಡಿಕೊಡಿ,” ಎಂದರು ದೊಮ್ಲಾ. “ಆಯ್ತು ಅಂದ್ರೆ ಕಂಪ್ಯೂಟರಿನ ಮೇಜು ನಿಮ್ಮದು.”

“ಆಗಲಿಲ್ಲ ಅಂದ್ರೆ ನಾನೇ ಎದ್ದು ಹೋಗ್ತೀನಿ ದೊಮ್ಲಾ. ನಿಮ್ಮ ಬಾಯಲ್ಲಿ ಹೇಳಿಸಲ್ಲ.”

ಅಂದೇ ಕೂತಳು. ಹಳೆಯ ರೂಢಿ, ಮೊದಲು ಹಾಳೆಯ ಮೇಲೆಲ್ಲ ಕೆಂಪು ಸುತ್ತು, ಕಮಾನು, ಆಮೇಲೆ ಕೀಲಿಮಣೆ. ಸುತ್ತು ಕಂಡಲ್ಲಿ ಓರೆಗೆರೆ, ಕಮಾನು ಕಂಡಲ್ಲಿ ಅಡಿಗೆರೆ. ವಾರ ಕಳೆಯುವಷ್ಟರಲ್ಲಿ ಕೊನೆಯ ಪುಟ ಮುಗಿಯಿತು. ದೊಮ್ಲಾ ಬಂದು ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ನಫೋಸತ್ ಚಹಾದ ಕೆಟಲು ತಂದಿಟ್ಟಳು. ಸನೋಬರ್ ದೇವರ ಹೆಸರು ಹೇಳಿ ಗುಂಡಿ ಒತ್ತಿದಳು. ಯಂತ್ರ ನಡುದಾರಿಯಲ್ಲೇ ನಿಂತು, ಏನೋ ಮುಚ್ಚಿಲ್ಲ ಎಂದು ದೂರಿತು.

ಅದು ತೋರಿಸಿದ ಸಾಲನ್ನು ನೋಡಿದಳು. ಸಾಲು ಸರಿಯಾಗಿಯೇ ಇತ್ತು. ಮತ್ತೆ ಒತ್ತಿದಳು, ಮತ್ತೆ ಅದೇ ದೂರು.

“ಅದು ಎಡವಿ ಬಿದ್ದ ಜಾಗ ತೋರಿಸುತ್ತೆ ಓಪಾ, ಕಲ್ಲು ಹಿಂದೆಲ್ಲೋ ಇರುತ್ತೆ. ನಾನು ಹುಡುಕ್ಲಾ?”

“ಬೇಡ! ನೀನು ಮುಟ್ಟಬೇಡ,” ಎಂದಳು ಸನೋಬರ್. ಟೈಪು ಮಾಡಿದ್ದನ್ನು ಇದ್ದಂತೆಯೇ ಹಾಳೆಗೆ ಇಳಿಸಿಕೊಂಡು, ಪೆನ್ಸಿಲು ಎತ್ತಿಕೊಂಡಳು. ತೆರೆದ ಆವರಣಕ್ಕೆಲ್ಲ ಕೆಂಪು, ಮುಚ್ಚಿದ್ದಕ್ಕೆಲ್ಲ ನೀಲಿ. ಕೈ ನಡುಗುತ್ತಿದ್ದರಿಂದ ಸುತ್ತುಗಳೆಲ್ಲ ಸೊಟ್ಟ. ಸೊಟ್ಟವಾದರೇನು, ಬಣ್ಣ ಬಣ್ಣವೇ ತಾನೆ. ಕೆಂಪು, ನೀಲಿ, ಕೆಂಪು, ನೀಲಿ ಎಂದು ಬೆರಳು ಇಳಿಯುತ್ತ ಬಂದು ಎರಡನೆಯ ಪುಟದ ಒಂದು ಭಿನ್ನರಾಶಿಯ ಹತ್ತಿರ ನಿಂತಿತು. ಅಲ್ಲೊಂದು ಕೆಂಪು, ಜೊತೆಗೆ ನೀಲಿಯಿಲ್ಲ.

“ಸಿಕ್ತು! ಬಾಗಿಲು ತೆರ್ಕೊಂಡೇ ಬಸ್ಸು ಬಿಟ್ಟಿದೀನಿ!” ಎಂದು ಕೂಗಿಕೊಂಡಳು. ಏನು ಬಸ್ಸು, ಯಾವ ಬಾಗಿಲು ಎಂದು ಉಳಿದಿಬ್ಬರೂ ಮುಖ ಮುಖ ನೋಡಿಕೊಂಡರು.

ಮುಚ್ಚಿದಳು, ಒತ್ತಿದಳು. ಈ ಸಲ ಯಂತ್ರ ಉಸಿರೆತ್ತದೆ ಕೊನೆಯವರೆಗೂ ಓಡಿತು. ಪ್ರಿಂಟರ್ ಕರಕರ ಎಂದು ಸಾಲು ಸಾಲಾಗಿ ಕಾಗದ ಹೊರಗೆ ತಳ್ಳಿತು. ಸನೋಬರ್ ಮೊದಲ ಹಾಳೆ ಹರಿದು ಬೆಳಕಿಗೆ ಹಿಡಿದಳು. ಅವಳ ಕೈಯಲ್ಲಿ ಹಾಳೆ ಪಟಪಟ ನಡುಗುತ್ತಿತ್ತು. ಅದರ ಮೇಲಿನ ಇಂಟಿಗ್ರಲ್‌ಗಳಲ್ಲಿ ಒಂದೂ ನಡುಗಿರಲಿಲ್ಲ.

ದೊಮ್ಲಾ ಹಾಳೆಗಳನ್ನು ಇಸಿದುಕೊಂಡು ಓದಿದರು. ಓದಿ ಮುಗಿದರೂ ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಎದ್ದು, ಕೆಟಲು ಎತ್ತಿ, ತಾವೇ ಒಂದು ಬಟ್ಟಲಿಗೆ ಚಹಾ ಹೊಯ್ದು, ಎಡಗೈ ಎದೆಯ ಮೇಲಿಟ್ಟುಕೊಂಡು ಅವಳ ಮುಂದೆ ಹಿಡಿದರು.

ಸನೋಬರ್ ಅವರ ಮುಖ ನೋಡಲಿಲ್ಲ, ಬಟ್ಟಲಿನೊಳಗೆ ನೋಡಿದಳು. ಚಹಾ ತಳ ಮುಚ್ಚುವಷ್ಟೇ ಇತ್ತು.