ಒಂದೇ ಕಡೆ ಹೋಗುವ ಬಾಣಗಳು

ನನ್ನ ಬಾಯಿ ಜೋರು. ಬೈಲಹೊಂಗಲದಲ್ಲಿ ನನ್ನ ಆಫೀಸಿನ ಕೆಳಗಿರುವ ಬಟ್ಟೆ ಅಂಗಡಿಯವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಬೈಯುವುದಕ್ಕೆ ನಾನು ಶಬ್ದ ಹುಡುಕಿದವಳಲ್ಲ. ಬೇಕಾದವರಿಗೆ ‘ನೀ ಬೇಕು’ ಎನ್ನುವಾಗ ಮಾತ್ರ ನಾಲಿಗೆ ಹೊರಳುವುದಿಲ್ಲ. ಒಬ್ಬಳೇ ಇದ್ದು ಇದ್ದು ಈ ಐಬು ಬಂತೋ, ಈ ಐಬಿನಿಂದಲೇ ಒಬ್ಬಳೇ ಉಳಿದೆನೋ, ಗೊತ್ತಿಲ್ಲ.

ಆಫೀಸಿನಲ್ಲಿ ನಾವು ನಾಲ್ಕು ಜನ. ಹಳ್ಳಿಗಳಲ್ಲಿ ಹಾಲು ಕೂಡಿಸುವ ಡೇರಿಗಳಿಗೆ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಅದರಲ್ಲಿ ಮೂರು ಮಾಡ್ಯೂಲು, ಅಂದರೆ ಮೂರು ಬಿಡಿ ಭಾಗ. ಹಾಲಿನ ತೂಕದ್ದು ಸಂಗೊಳ್ಳಿಯಿಂದ ಬೈಕಿನಲ್ಲಿ ಬರುವವನದು. ಟ್ಯಾಂಕರ್ ಯಾವ ಊರಿಗೆ ಯಾವಾಗ ಹೋಗಬೇಕು ಎನ್ನುವುದು ಮುರಗೋಡದವನದು. ಹಾಲಿಗೆ ದರ ಕಟ್ಟಲು ಅದರ ಕೊಬ್ಬು, ಅಂದರೆ ಫ್ಯಾಟ್, ನೋಡುವ ಯಂತ್ರದಿಂದ ಅಂಕಿ ಓದಿಕೊಳ್ಳುವುದು ಸವದತ್ತಿಯಿಂದ ಬಸ್ಸಿಗೆ ಬರುವ ಹುಡುಗಿಯದು. ಆಕೆ ಸವದತ್ತಿಗೆ ಸೊಸೆಯಾಗಿ ಬಂದವಳು, ತವರು ರಾಮದುರ್ಗ. ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದಳು. ನಾನು ಬೈದರೆ ನಗುತ್ತಿದ್ದವಳು ಆಕೆಯೊಬ್ಬಳೇ.

ಮೂವರೂ ಹೊಲಮನೆಯವರ ಮಕ್ಕಳು. ನಮ್ಮ ಕಡೆ ಮುಯ್ಯಾಳು ಎಂಬ ಪದ್ಧತಿ ಇದೆ. ಇವತ್ತು ನಿಮ್ಮ ಹೊಲದ ಕಳೆಗೆ ನಾವು ಬರುತ್ತೇವೆ, ನಾಳೆ ನಮ್ಮ ಹೊಲಕ್ಕೆ ನೀವು ಬನ್ನಿ, ಕೂಲಿಯ ಮಾತಿಲ್ಲ. ಇವರು ಆಫೀಸಿನಲ್ಲೂ ಅದನ್ನೇ ಮಾಡಿದರು. ‘ಇವತ್ತ ನಿಂದು ನಾ ಬರೀತೇನಿ, ನಾಳೆ ನಂದು ನೀ ಬರಿ.’ ನೋಡಲು ಚೆನ್ನಾಗಿಯೇ ಇತ್ತು. ಆದರೆ ತೂಕದ ಮಾಡ್ಯೂಲಿನೊಳಗೆ ಫ್ಯಾಟಿನ ಲೆಕ್ಕ ಸೇರಿತು, ಫ್ಯಾಟಿನದರೊಳಗೆ ಟ್ಯಾಂಕರಿನ ಊರುಗಳ ಪಟ್ಟಿ ಸೇರಿತು, ಟ್ಯಾಂಕರಿನದು ತಿರುಗಿ ತೂಕವನ್ನೇ ಕೇಳತೊಡಗಿತು. ಒಂದನ್ನು ಮುಟ್ಟಿದರೆ ಮೂರೂ ಅಲುಗುತ್ತಿದ್ದವು. ಇದು ಕಣ್ಣಿಗೆ ಬಿದ್ದಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಮೂವರೂ ಒಂದೇ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಜಗಳಾಡುವುದನ್ನು ಕೇಳುತ್ತ ಕೂಡುವುದು ನನಗೆ ಇಷ್ಟವಾಗಿತ್ತು, ಅದಕ್ಕೇ ಸುಮ್ಮನಿದ್ದೆ.

ಹುಡುಗಿ ಬಸುರಿಯಾಗಿ ಏಳು ತಿಂಗಳು ತುಂಬಿ, ಸವದತ್ತಿಯ ಮನೆಯಲ್ಲಿ ಕುಬಸ, ಅಂದರೆ ಸೀಮಂತ, ಇಟ್ಟುಕೊಂಡಿದ್ದರು. ಹಿಂದಿನ ದಿನ ಮುರಗೋಡದವನು ಟ್ಯಾಂಕರಿನ ಪಟ್ಟಿಗೆ ಒಂದು ಹೊಸ ಊರು ಸೇರಿಸಿದ್ದ, ಅಷ್ಟೇ. ಕುಬಸದ ದಿನ ಬೆಳಿಗ್ಗೆ ಎಲ್ಲ ಡೇರಿಗಳಲ್ಲೂ ಫ್ಯಾಟಿನ ಅಂಕಿ ಬರುವುದು ನಿಂತುಹೋಯಿತು. ಜನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದಾರೆ, ಹಾಲು ಕೆಡುವ ಹೊತ್ತು. ಆ ಇಬ್ಬರಿಗೂ ಬಗೆಹರಿಯಲಿಲ್ಲ. ನಾನು ಹುಡುಗಿಗೆ ಫೋನು ಹಚ್ಚಿದೆ. ಹಸಿರು ಸೀರೆ ಉಟ್ಟು, ಕೈ ತುಂಬ ಹಸಿರು ಬಳೆ ಇಟ್ಟುಕೊಂಡು ಆರತಿಗೆ ಕೂತಿದ್ದವಳು, ಉಡಿ ತುಂಬಬೇಕಾದ ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮುಕ್ಕಾಲು ತಾಸು ಕೂತಳಂತೆ. ಬಳೆಗಳ ಸದ್ದು ಫೋನಿನಲ್ಲಿ ನನಗೆ ಕೇಳುತ್ತಿತ್ತು. ಹಿಂದೆ ಅವಳ ಅತ್ತೆಯ ದನಿಯೂ ಕೇಳುತ್ತಿತ್ತು.

“ಹಡಿಯೂ ಮುಂದರ ನಿನ್ನ ಬಿಡತಾರೋ ಇಲ್ಲೋ ಕೇಳು ನಿಮ್ಮ ಅಕ್ಕಾರ್ನ.”

ನನಗೆ ನಾಚಿಕೆಯಾಯಿತು. ಹೆರಿಗೆಗೆ ಹೋದ ಮೇಲೆ ಈ ಹುಡುಗಿಗೆ ಒಂದು ಫೋನೂ ಹೋಗಬಾರದು ಎಂದು ಹಟ ತೊಟ್ಟೆ.

ಮರುದಿನ ಬಿಳಿ ಬೋರ್ಡಿನ ಮೇಲೆ ಮೂರು ಚೌಕ ಬರೆದು, ಯಾವುದು ಯಾವುದನ್ನು ನೆಚ್ಚಿದೆ ಎಂದು ಬಾಣ ಹಾಕುತ್ತ ಹೋದೆ. ಬಾಣಗಳೆಲ್ಲ ಸುತ್ತು ಹೊಡೆದು ಹೊರಟಲ್ಲಿಗೇ ಬಂದವು. ಎತ್ತು ಏರಿಗೆ, ಕೋಣ ನೀರಿಗೆ. ಮೂವರಿಗೂ ಹೊಟ್ಟೆ ತುಂಬ ಬೈದು, ಕೆಲಸದ ಹೊಸ ಕ್ರಮ ಹಾಕಿದೆ. ಬಾಣ ಒಂದೇ ಕಡೆಗೆ, ಮೇಲಿನಿಂದ ಕೆಳಕ್ಕೆ ಹೋಗಬೇಕು. ಒಬ್ಬರ ಕೋಡಿನೊಳಗೆ ಇನ್ನೊಬ್ಬರು ಕೈ ಹಾಕಬಾರದು. ಪ್ರತಿ ಮಾಡ್ಯೂಲಿಗೂ ಒಂದು ಪುಟ. ತಾನು ಏನು ಕೊಡುತ್ತದೆ, ಏನು ಬೇಡುತ್ತದೆ ಎಂಬುದು ಅದರಲ್ಲಿರಬೇಕು, ಆ ಪುಟ ಬದಲಾಗುವ ಮೊದಲು ಎಲ್ಲರಿಗೂ ತಿಳಿಸಬೇಕು. ಪಕ್ಕದವನದು ತಯಾರಾಗದಿದ್ದರೆ ಅವನಿಗಾಗಿ ಕಾಯದೆ ಹುಸಿ ಅಂಕಿ ಕೊಟ್ಟು ನಿಮ್ಮದನ್ನು ಪರೀಕ್ಷೆ ಮಾಡಿ. ಊರುಗಳ ಪಟ್ಟಿಯಂಥ ಎಲ್ಲರಿಗೂ ಬೇಕಾದದ್ದನ್ನು ಬೇರೆ ತೆಗೆದು ತಳದಲ್ಲಿಟ್ಟೆ. ಅದನ್ನು ನೋಡಿಕೊಳ್ಳುವ ಕೆಲಸ ನಾನೇ ತೆಗೆದುಕೊಂಡೆ. ಅದು ಯಾರನ್ನೂ ಏನೂ ಕೇಳುವಂತಿರಲಿಲ್ಲ.

ಹುಡುಗಿ ರಾಮದುರ್ಗಕ್ಕೆ ಹೋಗುವ ಮುಂಚೆ ಎಲ್ಲ ಮುಗಿಯಿತು. ಆಮೇಲೆ ಕೆಲಸ ಗಡಿಯಾರ ನಡೆದಂತೆ ನಡೆಯಿತು. ಇಷ್ಟು ಚೆನ್ನಾಗಿ ನಡೆಯುತ್ತದೆಂದು ನಾನೂ ಎಣಿಸಿರಲಿಲ್ಲ. ಒಬ್ಬರಿಗೊಬ್ಬರು ಕೇಳುವುದೇನೂ ಉಳಿಯದ ಮೇಲೆ ಸಂಗೊಳ್ಳಿಯವನು, “ಮನ್ಯಾಗ ಕುಂತ ಮಾಡತೇನ್ರಿ,” ಎಂದ. ಮುರಗೋಡದವನೂ ಹಾಗೇ. ಮೊದಲು ಸೋಮವಾರಕ್ಕೊಮ್ಮೆ ಬರುತ್ತಿದ್ದರು, ಆಮೇಲೆ ಅದೂ ನಿಂತಿತು. ಬೇಡವೆನ್ನಲು ನನ್ನ ಬಳಿ ಕಾರಣವಿರಲಿಲ್ಲ. ಕಾರಣ ಹುಟ್ಟದ ಹಾಗೆ ಮಾಡಿದವಳೇ ನಾನು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಹಾಗೆ ಖಾಲಿ ಆಫೀಸಿನಲ್ಲಿ ಫ್ಯಾನು ಹಚ್ಚಿಕೊಂಡು ಕೂತಿರುತ್ತಿದ್ದೆ. ಕೆಲವು ದಿನ ಸಂಜೆ ಮೆಟ್ಟಿಲಿಳಿಯುವಾಗ, ಬೆಳಗಿನಿಂದ ಯಾರೊಂದಿಗೂ ಮಾತಾಡಿಲ್ಲವೆಂಬುದು ನೆನಪಾಗುತ್ತಿತ್ತು.

ಹೆಣ್ಣು ಮಗು ಹುಟ್ಟಿತು. ಎರಡು ತಿಂಗಳಾದ ಮೇಲೆ ಹುಡುಗಿ ತಾನೇ ಫೋನು ಮಾಡಿದಳು.

“ಅಕ್ಕಾರ, ನನ್ನ ಮಾಡ್ಯೂಲ್ ಏನರ ತ್ರಾಸ ಕೊಡಾಕತ್ತೈತೇನ್ರಿ?”

“ಏನೂ ಇಲ್ಲವಾ. ನೀ ಕೂಸಿನ್ನ ನೋಡ್ಕೋ. ನೀ ಇಲ್ಲಂದ್ರೂ ಎಲ್ಲಾ ಬರೊಬ್ಬರಿ ನಡದೈತಿ.”

“ಹೌದ್ರಿ? ಚಲೋ ಆತ್ರಿ,” ಎಂದಳು. ಆಕೆಯ ಮನಸ್ಸಿನ ಭಾರ ಇಳಿಸಿದೆನೆಂದು ನಾನು ಹಿಗ್ಗಿದೆ. ಎಂಥ ದಡ್ಡಿ ನಾನು. ಆಮೇಲೆ ಆಕೆ ತಾನಾಗಿ ಫೋನು ಮಾಡಲಿಲ್ಲ.

ಮಗುವಿಗೆ ಐದನೆಯ ತಿಂಗಳು ನಡೆಯುವಾಗ ಆಕೆಯ ಒಂದು ಮೆಸೇಜು ಬಂತು. ರಾಮದುರ್ಗದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸಲು ಕರೆದಿದ್ದಾರೆ, ಗಂಡನೂ ಅಲ್ಲಿಗೇ ಬರಲು ಒಪ್ಪಿದ್ದಾನೆ, ಸೋಮವಾರ ಸಹಿ ಹಾಕಬೇಕು, ನೀವು ಏನನ್ನುತ್ತೀರಿ? ಅದನ್ನು ಎಷ್ಟು ಸಲ ಓದಿದೆನೋ. ಉತ್ತರ ಬರೆದು ಬರೆದು ಅಳಿಸಿದೆ. ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಸವದತ್ತಿಯಲ್ಲಿ ಇಳಿದು ರಾಮದುರ್ಗದ ಬಸ್ಸಿಗೆ ಕಾಯುವಾಗಲೂ, ಆ ಬಸ್ಸಿನ ಕಿಟಕಿ ಪಕ್ಕ ಕೂತಾಗಲೂ ಒಂದೇ ಮಾತು ರೂಢಿ ಮಾಡಿಕೊಂಡೆ: ‘ಹೋಗಬ್ಯಾಡವಾ, ತಿರುಗಿ ಬಾ.’ ಪಕ್ಕದ ಹೆಂಗಸು ನನ್ನ ತುಟಿ ಅಲುಗುವುದನ್ನು ನೋಡಿ ಜಪ ಮಾಡುತ್ತಿದ್ದೇನೆಂದು ತಿಳಿದಳೋ ಏನೋ, ಸರಿದು ಜಾಗ ಬಿಟ್ಟಳು.

ಅವಳ ತಾಯಿ ಚಹಾ ಕೊಟ್ಟು ಒಳಗೆ ಹೋದರು. ಮಗು ಅವಳ ಹೆಗಲ ಮೇಲೆ ಮಲಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಆಕೆ ಕೇಳಿದಳು.

“ಖರೇ ಹೇಳ್ರಿ ಅಕ್ಕಾರ. ನಾ ಇಲ್ಲದ್ದಕ್ಕ ಒಂದ ದಿನಾನರ ಕೆಲಸ ನಿಂತಿತ್ತೇನ್ರಿ?”

ನಿಂತಿರಲಿಲ್ಲ. ನಿಲ್ಲಬಾರದೆಂದೇ ಅಲ್ಲವೇ ನಾನು ಅಷ್ಟೆಲ್ಲ ಮಾಡಿದ್ದು? ದಾರಿಯುದ್ದಕ್ಕೂ ರೂಢಿ ಮಾಡಿಕೊಂಡ ಮಾತು ಹೊರಬರಲಿಲ್ಲ; ಕೆಲಸದ ಮಾತು ಸಲೀಸಾಗಿ ಬಂತು.

“ಇಲ್ಲವಾ. ಒಂದ ದಿನಾನೂ ನಿಂತಿಲ್ಲ.”

ಆಕೆ ತಲೆಯಾಡಿಸಿದಳು. ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಬೆನ್ನು ತಟ್ಟಿದಳು.

“ಕೆಲಸದ್ದ ಬಿಡ್ರಿ. ನೀವು? ನೀವು ಹೆಂಗ ಅದೀರಿ?”

ಇದಕ್ಕಿಂತ ಅಗಲವಾಗಿ ಯಾರೂ ನನಗೆ ಬಾಗಿಲು ತೆರೆದಿಲ್ಲ. ಹೇಳಬೇಕಾಗಿದ್ದದ್ದು ಮೂರು ಶಬ್ದ.

“ನಂದೇನವಾ, ನಾ ಆರಾಮ ಅದೇನಿ,” ಎಂದೆ.

ನಂಬಿದಳು. ಕೆಲಸಕ್ಕೆ ಸೇರಿದ ದಿನದಿಂದ ಆಕೆ ನನ್ನ ಯಾವ ಮಾತನ್ನೂ ನಂಬದೆ ಬಿಟ್ಟವಳಲ್ಲ. ಸೋಮವಾರ ಹೋಗಿ ಸಹಿ ಹಾಕಿದಳು.